ಇದೇನಾ ನಿಮ್ಮ ನೋವು?

ತರೀಕೆರೆ ಏರಿಯ ಮೇಲೆ ಮೇಯುವ ಕರಿ ಕುರಿಮರಿಗಳ ಮಾತನ್ನು ಕೇಳದ ಕನ್ನಡದ ಮಕ್ಕಳು ಕಡಿಮೆ. ಎಡವದೆ ಅದನ್ನು ಮೂರು ಸಲ ಹೇಳಬೇಕೆಂಬ ಪಂದ್ಯದಲ್ಲಿ ಗೆದ್ದವರು ಇನ್ನೂ ಕಡಿಮೆ. ಸೋತಾಗ ನಾವು ನಾಲಿಗೆಯನ್ನು ಬಯ್ಯುತ್ತೇವೆ. ಆ ಆಟದಲ್ಲಿ ನಾಲಿಗೆಯಷ್ಟೇ ದುಡಿಯುವ ಇನ್ನೊಂದು ಅಂಗವಿದೆ, ಅದರ ಹೆಸರನ್ನು ಯಾರೂ ಎತ್ತುವುದಿಲ್ಲ. ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿ ನೋಡಿ. ಬೆರಳಿನ ಕೆಳಗೆ ಗುಂಡಗಿನದೊಂದು ಮುಂದಕ್ಕೆ ಜಾರಿ ಮತ್ತೆ ಹಿಂದಕ್ಕೆ ಸರಿಯುತ್ತದೆ. ಅದೇ ದವಡೆಯ ಕೀಲು.

ಬೆರಳಿನ ಗೆಣ್ಣಿಗೆ ಒಂದೇ ಕಸುಬು: ಮಡಚು, ಚಾಚು. ದವಡೆಯ ಕೀಲಿಗೆ ಎರಡು. ಬಾಯಿ ತೆರೆಯತೊಡಗಿದಾಗ ಅದು ಬಾಗಿಲಿನ ಹಾಗೆ ತಿರುಗುತ್ತದೆ. ಇನ್ನೂ ಅಗಲವಾಗಬೇಕೆಂದರೆ ಮೇಜಿನ ಡ್ರಾಯರಿನ ಹಾಗೆ ಮುಂದಕ್ಕೆ ಜಾರುತ್ತದೆ. ಎಡದ್ದೂ ಬಲದ್ದೂ ಒಂದೇ ಮೂಳೆಯ ಎರಡು ತುದಿಗಳಾದ್ದರಿಂದ ನೊಗಕ್ಕೆ ಕಟ್ಟಿದ ಜೋಡೆತ್ತಿನ ಸ್ಥಿತಿ, ಒಂದು ಕುಂಟಿದರೆ ನೊಗವೇ ವಾರೆ. ಮೇಲಿನ ಮೂಳೆಗೂ ಕೆಳಗಿನ ಮೂಳೆಗೂ ನಡುವೆ ಮೆತ್ತನೆಯ ಒಂದು ಬಿಲ್ಲೆ ಇದೆ. ಅದು ಜಾಗ ತಪ್ಪಿ ಮತ್ತೆ ಕೂತುಕೊಂಡಾಗ ‘ಕಟಕ್’ ಎನ್ನುತ್ತದೆ. ಅಜ್ಜಂಪುರದ ಅಮೃತಮಹಲ್ ತಳಿ ಕೇಂದ್ರದ ದನಗಳು ಮೆಲುಕು ಹಾಕುವುದನ್ನು ನೋಡುತ್ತ ನಿಂತರೆ, ಆ ದವಡೆಗಳು ಗಂಟೆಗಟ್ಟಲೆ ಅಡ್ಡಡ್ಡ ಆಡಿದರೂ ದೂರಿಲ್ಲ ಅನಿಸುತ್ತದೆ. ದೂರು ಇದ್ದರೂ ಹೇಳಿಕೊಳ್ಳಲು ಬಾಯಿಲ್ಲ. ಮನುಷ್ಯನಿಗೆ ಬಾಯಿ ಇದೆ. ಆದರೂ ಅವನು ಹೇಳುವುದನ್ನು ಸರಿಯಾಗಿ ಕೇಳಿಸಿಕೊಳ್ಳುವ ಬಗೆ ಕಂಡುಕೊಳ್ಳಲು ವೈದ್ಯರಿಗೆ 1934ರಿಂದ 2014ರವರೆಗೆ ಎಂಬತ್ತು ವರ್ಷ ಹಿಡಿಯಿತು.

ಕತೆಗೆ ಒಬ್ಬ ಹೆಂಗಸು ಬೇಕು. ಕಡೂರಿನ ಕಡೆಯವಳೆಂದು ಇಟ್ಟುಕೊಳ್ಳೋಣ. ಈ ಬರಹಕ್ಕಾಗಿಯೇ ಹುಟ್ಟಿದವಳಾದ್ದರಿಂದ ಹೆಸರು ಬೇಡ. ವಯಸ್ಸು ನಲವತ್ತರ ಆಚೀಚೆ. ಬೆಳಗ್ಗೆ ಏಳುವಾಗ ಕೆನ್ನೆ ಬಿಗಿ, ಆಕಳಿಸಿದರೆ ಕಿವಿಯ ಹತ್ತಿರ ಚುಳುಕ್. ಮೊದಲು ಕಿವಿ ಡಾಕ್ಟರ ಹತ್ತಿರ ಹೋದಳು. ಅವರು ಕಿವಿಯೊಳಗೆ ಬೆಳಕು ಬಿಟ್ಟು ನೋಡಿ ಹನಿ ಔಷಧಿ ಬರೆದುಕೊಟ್ಟರು. ಹಲ್ಲಿನ ಡಾಕ್ಟರು ಬುದ್ಧಿಹಲ್ಲಿನ ಮೇಲೆ ಗುಮಾನಿ ಪಟ್ಟರು. ಮೂರನೆಯವರು ಮೈಗ್ರೇನ್ ಅಂದರು. ಬೀರೂರಿನಲ್ಲಿ ರೈಲು ಬದಲಿಸಿ ಶಿವಮೊಗ್ಗಕ್ಕೆ ಹೋದರೆ ನಾಲ್ಕನೆಯ ಹೆಸರು. ಮನೆಯಲ್ಲಿ ಅತ್ತೆಗಂತೂ ಮೊದಲಿಂದಲೂ ಗೊತ್ತು: ತಣ್ಣೀರಲ್ಲಿ ತಲೆ ಮಿಂದಿದ್ದಕ್ಕೆ ವಾಯು ಹಿಡಿದಿದೆ. ಇವರಲ್ಲಿ ಸುಳ್ಳು ಹೇಳಿದವರು ಯಾರೂ ಇಲ್ಲ. ಒಬ್ಬೊಬ್ಬರೂ ತಮಗೆ ಗೊತ್ತಿದ್ದ ಕಡೆ ಒತ್ತಿದರು, ಒತ್ತಿದಲ್ಲಿ ನೋವು ಸಿಕ್ಕಿತು. ಗಟ್ಟಿಯಾಗಿ ಒತ್ತಿದರೆ ಯಾರಿಗೆ ನೋಯುವುದಿಲ್ಲ?

ಈ ಗೊಂದಲ ಕಡೂರಿನದ್ದಲ್ಲ. ಅದು ಶುರುವಾದದ್ದು ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ, ಅದೂ ಕಿವಿ ಡಾಕ್ಟರೊಬ್ಬರಿಂದಲೇ. ಜೇಮ್ಸ್ ಕಾಸ್ಟೆನ್ 1934ರಲ್ಲಿ 11 ರೋಗಿಗಳ ವಿವರ ಪ್ರಕಟಿಸಿದರು. ಕಿವಿ ಮುಚ್ಚಿದ ಹಾಗೆ, ಗುಂಯ್ ಅನ್ನುವ ಹಾಗೆ, ತಲೆ ತಿರುಗುವ ಹಾಗೆ ಅನಿಸುತ್ತದೆ ಎನ್ನುವವರು; ಕಿವಿಯಲ್ಲಿ ನೋಡಿದರೆ ಏನೂ ಇಲ್ಲ. ಕಾಸ್ಟೆನ್ ಕಂಡದ್ದು ಅವರ ಬಾಯಿಯಲ್ಲಿ ಉದುರಿಹೋಗಿದ್ದ ದವಡೆ ಹಲ್ಲುಗಳನ್ನು. ಹಲ್ಲಿಲ್ಲದ್ದರಿಂದ ದವಡೆ ಅತಿಯಾಗಿ ಮುಚ್ಚಿಕೊಂಡು ಹಿಂದಕ್ಕೆ ತಳ್ಳಲ್ಪಟ್ಟು ನರವನ್ನು ಅದುಮುತ್ತದೆ ಎಂದು ಅವರು ಬರೆದರು. ಹಲ್ಲಿನ ಎತ್ತರ ಏರಿಸಿದಾಗ ಕೆಲವರಿಗೆ ಗುಣವೂ ಆಯಿತು. ಕಾಯಿಲೆಗೆ ಅವರ ಹೆಸರೇ ಬಿತ್ತು.

1948ರಲ್ಲಿ ಅಂಗರಚನಾ ತಜ್ಞ ಹ್ಯಾರಿ ಸಿಕರ್, ಕಾಸ್ಟೆನ್ ಹೇಳಿದ ಜಾಗದಲ್ಲಿ ದವಡೆಮೂಳೆ ಆ ನರವನ್ನು ಹಾಗೆ ಅದುಮಲು ಬರುವುದಿಲ್ಲ ಎಂದು ತೋರಿಸಿದರು. ಕಾರಣ ಬಿದ್ದುಹೋಯಿತು. ಚಿಕಿತ್ಸೆ ಬೀಳಲಿಲ್ಲ. ಇದು ವೈದ್ಯಕೀಯದಲ್ಲಿ ಆಗಾಗ ನಡೆಯುವ ತಮಾಷೆ, ಕಂಬ ಕಿತ್ತರೂ ಚಪ್ಪರ ನಿಂತೇ ಇರುತ್ತದೆ. ಹಲ್ಲುಗಳು ಒಂದರ ಮೇಲೊಂದು ಕೂರುವ ರೀತಿಯಲ್ಲೇ ರೋಗವಿದೆ ಎಂಬ ನಂಬಿಕೆ ಬೇರು ಬಿಟ್ಟಿತ್ತು. ಹಲ್ಲು ಉಜ್ಜಿ ಸವೆಸಿ ‘ಕಚ್ಚು’ ಸರಿಪಡಿಸುವುದು ದೊಡ್ಡ ಕಸುಬಾಯಿತು.

ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಲಾಸ್ಲೋ ಶ್ವಾರ್ಟ್ಜ್ 1950ರ ದಶಕದಲ್ಲಿ ಬೇರೆ ಕಡೆ ಬೆರಳು ಮಾಡಿದರು: ಕೀಲಿನಲ್ಲಲ್ಲ, ಅದನ್ನು ಎಳೆಯುವ ಸ್ನಾಯುಗಳಲ್ಲಿ ನೋವಿದೆ. 1969ರಲ್ಲಿ ಶಿಕಾಗೋದ ಡೇನಿಯಲ್ ಲಾಸ್ಕಿನ್ ಆ ದಾರಿಯಲ್ಲೇ ಮುಂದೆ ಹೋಗಿ, ಮನಸ್ಸಿನ ಒತ್ತಡದಲ್ಲಿ ಹಲ್ಲು ಕಡಿದು ಕಡಿದು ಸ್ನಾಯು ದಣಿಯುತ್ತದೆ ಎಂದರು. ಅವರ ಗುಂಪು ಮಾಡಿದ ಒಂದು ಪ್ರಯೋಗ ನನಗೆ ಈ ಇಡೀ ಚರಿತ್ರೆಯ ಅತಿ ಒಳ್ಳೆಯ ಘಳಿಗೆ ಅನಿಸುತ್ತದೆ. 25 ರೋಗಿಗಳಿಗೆ ಹಲ್ಲು ಉಜ್ಜಿ ಕಚ್ಚು ಸರಿಮಾಡುತ್ತೇವೆ ಎಂದು ಹೇಳಿ ಕುರ್ಚಿಯಲ್ಲಿ ಕೂರಿಸಿದರು. ಯಂತ್ರ ಕಿರ್ರೆಂದಿತು. ಆದರೆ ಹಲ್ಲು ಹಲ್ಲಿಗೆ ತಾಗುವ ಜಾಗವನ್ನು ಮುಟ್ಟಲೇ ಇಲ್ಲ, ಬರೀ ನಟನೆ. ನೋವು ಪೂರ್ತಿ ಅಥವಾ ಬಹುಪಾಲು ಹೋಯಿತು ಎಂದವರು 16 ಜನ. 1976ರಲ್ಲಿ ಇದು ಅಚ್ಚಾದಾಗ ಹಲ್ಲು ಉಜ್ಜಿ ಬದುಕುತ್ತಿದ್ದವರಿಗೆ ಹೇಗಾಗಿರಬೇಡ!

ಅತ್ತ ಬಿಲ್ಲೆಯ ಪಕ್ಷದವರು ಸುಮ್ಮನಿರಲಿಲ್ಲ. ಜಾಗ ತಪ್ಪಿದ ಬಿಲ್ಲೆಯನ್ನು ಎಡಿನ್‌ಬರೋದ ಶಸ್ತ್ರವೈದ್ಯ ಥಾಮಸ್ ಆನಂಡೇಲ್ 1887ರಲ್ಲೇ ಹೊಲಿದು ಕೂರಿಸಿದ್ದರು. ಆಮೇಲೆ ಬಹುಮಟ್ಟಿಗೆ ಬದಿಗೆ ಸರಿದಿದ್ದ ಆ ಬಿಲ್ಲೆ 1970ರ ದಶಕದಲ್ಲಿ ಕಿರಣ ತಡೆಯುವ ದ್ರವ ತುಂಬಿ ತೆಗೆದ ಎಕ್ಸ್‌ರೇಗಳಲ್ಲಿ ಮತ್ತೆ ಕಾಣಿಸಿಕೊಂಡಿತು. ಕಂಡದ್ದೆಲ್ಲವೂ ಕಾಯಿಲೆಯೇ ಎಂಬ ಉತ್ಸಾಹದಲ್ಲಿ ಕೊಯ್ದು ಬಿಲ್ಲೆ ತೆಗೆದು, ಅಲ್ಲಿ ಟೆಫ್ಲಾನ್ ಬೆರೆತ ಕೃತಕ ತಗಡು ಇಡುವ ಶಸ್ತ್ರಚಿಕಿತ್ಸೆಗಳು ನಡೆದವು. ಅಮೆರಿಕದಲ್ಲಿ 1983ರಲ್ಲಿ ಮಾರುಕಟ್ಟೆಗೆ ಅನುಮತಿ ಪಡೆದ ಅಂಥ ಒಂದು ತಗಡು ದವಡೆಯೊಳಗೇ ಚೂರುಚೂರಾಗಿ, ಆ ಚೂರುಗಳ ಮೇಲೆ ದೇಹ ಸಿಟ್ಟಿಗೆದ್ದು, ಪಕ್ಕದ ಮೂಳೆಯೇ ಕರಗತೊಡಗಿತು. 1990ರ ದಶಕದ ಮೊದಲಲ್ಲಿ ಅದನ್ನು ವಾಪಸು ಕರೆಸಿಕೊಂಡರು. ಮುಖ ಕಳೆದುಕೊಂಡವರಿಗೆ ಅದು ತಡವಾಗಿತ್ತು.

ಹೀಗೆ ಒಂದೇ ನೋವಿಗೆ ಹಲ್ಲಿನ ಪಕ್ಷ, ಸ್ನಾಯುವಿನ ಪಕ್ಷ, ಮನಸ್ಸಿನ ಪಕ್ಷ, ಬಿಲ್ಲೆಯ ಪಕ್ಷ. ಒಬ್ಬರ ಲೆಕ್ಕ ಇನ್ನೊಬ್ಬರ ಪುಸ್ತಕಕ್ಕೆ ತಾಳೆಯಾಗುವುದಿಲ್ಲ. ಅಳತೆಗೋಲೊಂದನ್ನು ಮೊದಲು ಕಟ್ಟಿದವರಲ್ಲಿ ಸ್ವೀಡನ್ನಿನ ಮಾರ್ಟಿ ಹೆಲ್ಕಿಮೋ ಒಬ್ಬರು. ಅವರು ಫಿನ್ಲೆಂಡಿನ ಉತ್ತರ ತುದಿಯ ಸಾಮಿ ಜನರ ದವಡೆಗಳನ್ನು ಪರೀಕ್ಷಿಸಿ 1974ರಲ್ಲಿ ಅಂಕ ಕೊಡುವ ಒಂದು ಪದ್ಧತಿ ಮಾಡಿದರು. ಬಾಯಿ ಎಷ್ಟು ತೆರೆಯುತ್ತದೆ, ಸದ್ದು ಇದೆಯೇ, ಎಲ್ಲಿ ಒತ್ತಿದರೆ ನೋಯುತ್ತದೆ ಎಂಬುದಕ್ಕೆಲ್ಲ ಅಂಕ. ಕೂಡಿಸಿದರೆ ಒಂದು ಮೊತ್ತ. ಲೋಕವೆಲ್ಲ ಬಳಸಿತು. ಆದರೆ ಬರೀ ಕಟಕ್ ಅನ್ನುವ ನೋವಿಲ್ಲದ ದವಡೆಯೂ, ನಿದ್ದೆಗೆಡಿಸುವ ನೋವಿನ ದವಡೆಯೂ ಅದೇ ಒಂದು ಮೊತ್ತದೊಳಗೆ ಸೇರಿಹೋಗುತ್ತಿದ್ದವು. ಕೊಬ್ಬರಿಯನ್ನೂ ರಾಗಿಯನ್ನೂ ಒಂದೇ ಚೀಲಕ್ಕೆ ಸುರಿದು ತೂಕ ಹಾಕಿದ ಹಾಗೆ.

ತಿರುವು ಬಂದದ್ದು ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ. ಸ್ಯಾಮ್ಯುಯೆಲ್ ಡ್ವಾರ್ಕಿನ್ ದಂತವೈದ್ಯರೂ ಹೌದು, ಮನಶ್ಶಾಸ್ತ್ರಜ್ಞರೂ ಹೌದು. ಜೊತೆಗಿದ್ದ ಲಿಂಡಾ ಲೆರೆಶ್ ಅದಕ್ಕೆ ಮುಂಚೆ ನೋವಿನಲ್ಲಿದ್ದವರ ಫೋಟೋಗಳನ್ನು ಹರಡಿಕೊಂಡು, ನೋವು ಬಂದಾಗ ಮುಖ ಏನು ಮಾಡುತ್ತದೆ ಎಂದು ಅಭ್ಯಾಸ ಮಾಡಿದವರು. ಆಸ್ಪತ್ರೆಗೆ ಬಂದವರನ್ನಷ್ಟೇ ನೋಡಿದರೆ ಸಾಲದು, ಮನೆಯಲ್ಲೇ ಇರುವವರನ್ನೂ ಕೇಳಬೇಕು ಎಂದು ಈ ಗುಂಪು ಅಲ್ಲಿನ ಒಂದು ಆರೋಗ್ಯ ಯೋಜನೆಯ ಸಾವಿರಕ್ಕೂ ಹೆಚ್ಚು ಸದಸ್ಯರನ್ನು ವಿಚಾರಿಸಿತು. ಹಿಂದಿನ ಆರು ತಿಂಗಳಲ್ಲಿ ಮುಖದ ನೋವು ಕಾಡಿದೆ ಎಂದವರು 12%. ಬೆನ್ನುನೋವಿನವರು 41%. ದವಡೆಯ ನೋವು ಹಲ್ಲಿನವರ ಖಾಸಗಿ ಒಗಟಲ್ಲ, ಬೆನ್ನುನೋವು ತಲೆನೋವುಗಳ ಓರಗೆಯದು ಎಂಬುದು ಆ ಲೆಕ್ಕದಿಂದ ಹೊರಬಿತ್ತು.

ಅದಕ್ಕಿಂತ ಮುಜುಗರದ್ದು ಇನ್ನೊಂದು. ಒಬ್ಬನೇ ರೋಗಿಯನ್ನು ಬೇರೆ ಬೇರೆಯವರಿಂದ ಪರೀಕ್ಷೆ ಮಾಡಿಸಿ ಉತ್ತರಗಳನ್ನು ತಾಳೆ ನೋಡಿದರು. ಚೆನ್ನಾಗಿ ತರಬೇತಿ ಕೊಟ್ಟಿದ್ದ, ಹಲ್ಲು ಶುಚಿ ಮಾಡುವ ಸಹಾಯಕರ ಉತ್ತರಗಳು ಒಂದಕ್ಕೊಂದು ಹೊಂದಿದವು. ವರ್ಷಗಟ್ಟಲೆ ಅನುಭವವಿದ್ದ ತಜ್ಞರದು ಅಷ್ಟು ಹೊಂದಲಿಲ್ಲ; ಅವರಿಗೂ ಕೂರಿಸಿ ಕಲಿಸಿದ ಮೇಲೆ ಸುಧಾರಿಸಿತು. ಅನುಭವ ಕೈಗೆ ಜಾಣತನ ಕೊಡಬಹುದು, ಆದರೆ ಎರಡು ಕೈಗಳನ್ನು ಒಂದೇ ಮಾಡುವುದಿಲ್ಲ.

1992ರಲ್ಲಿ ಡ್ವಾರ್ಕಿನ್ ಮತ್ತು ಲೆರೆಶ್ ತಮ್ಮ ನಿಯಮಾವಳಿಯನ್ನು ಪ್ರಕಟಿಸಿದರು. ಆರ್‌ಡಿಸಿ/ಟಿಎಂಡಿ ಎಂಬುದು ಅದರ ಗಿಡ್ಡ ಹೆಸರು, ದವಡೆಯ ತೊಂದರೆಗಳನ್ನು ಗುರುತಿಸುವ ಸಂಶೋಧನಾ ನಿಯಮಗಳು ಎಂದು ಅರ್ಥ. ಯಾಕೆ ನೋವು ಬಂತೆಂಬ ಜಗಳಕ್ಕೆ ಅದು ಇಳಿಯಲೇ ಇಲ್ಲ. ಎಲ್ಲಿ ಒತ್ತಬೇಕು, ಎಷ್ಟು ಭಾರ ಹಾಕಬೇಕು, ಯಾವ ಪದಗಳಲ್ಲಿ ಕೇಳಬೇಕು ಎಂದಷ್ಟೇ ಬರೆದಿಟ್ಟಿತು. ಹೊರಗಿನ ಸ್ನಾಯುಗಳಿಗೆ ಎರಡು ಪೌಂಡ್, ಕೀಲಿಗೆ ಒಂದು ಪೌಂಡ್. ಒತ್ತಬೇಕಾದ ಸ್ನಾಯುವಿನ ತಾಣಗಳು 20. ಇದೆಲ್ಲ ಒಂದು ಅಕ್ಷ. ಎರಡನೆಯ ಅಕ್ಷದಲ್ಲಿ ರೋಗಿ ಎಂಬ ಮನುಷ್ಯ: ನೋವಿನಿಂದ ಎಷ್ಟು ದಿನ ಕೆಲಸ ತಪ್ಪಿತು, ಮನಸ್ಸು ಎಷ್ಟು ಕುಗ್ಗಿದೆ. ಕೀಲಿನ ಸ್ಥಿತಿ ಒಂದೇ ಇದ್ದರೂ ಒಬ್ಬಳು ಕಳೆ ಕೀಳಲು ಹೋಗುತ್ತಾಳೆ, ಇನ್ನೊಬ್ಬಳು ಗೋಡೆಗೆ ಮುಖ ಮಾಡಿ ಮಲಗುತ್ತಾಳೆ. ಆ ವ್ಯತ್ಯಾಸಕ್ಕೂ ರೋಗನಿರ್ಣಯದ ಕಾಗದದಲ್ಲಿ ಜಾಗ ಸಿಕ್ಕಿತು.

ಆದರೆ ಈ ನಿಯಮಗಳನ್ನು ತಜ್ಞರು ಕೂತು ಯೋಚಿಸಿ ಬರೆದದ್ದು, ಪರೀಕ್ಷಿಸಿ ಅಲ್ಲ. ಅದನ್ನು ಬರೆದವರೇ ಒಪ್ಪಿಕೊಂಡಿದ್ದರು. ಆ ಪರೀಕ್ಷೆ ಹೊಸ ಶತಮಾನದಲ್ಲಿ ನಡೆಯಿತು. ಮಿನೆಸೋಟಾ, ವಾಷಿಂಗ್ಟನ್, ಬಫಲೋ ವಿಶ್ವವಿದ್ಯಾಲಯಗಳಲ್ಲಿ ಎರಿಕ್ ಶಿಫ್‌ಮನ್, ಎಡ್ಮಂಡ್ ಟ್ರೂಲವ್, ರಿಚರ್ಡ್ ಓರ್ಬಾಕ್ ಮುಂತಾದವರು 700ಕ್ಕೂ ಹೆಚ್ಚು ಜನರನ್ನು ನಿಯಮಾವಳಿಯಿಂದಲೂ ನೋಡಿದರು, ಎಂಆರ್‌ಐ, ಸಿಟಿ ಚಿತ್ರಗಳನ್ನು ಇಟ್ಟುಕೊಂಡ ತಜ್ಞರ ತೀರ್ಪಿನಿಂದಲೂ ನೋಡಿದರು. 2010ರಲ್ಲಿ ಫಲಿತಾಂಶ ಬಂತು. ಹಾಕಿಕೊಂಡಿದ್ದ ಗುರಿಯನ್ನು 1992ರ ನಿಯಮಗಳಲ್ಲಿ ಹೆಚ್ಚಿನವು ಮುಟ್ಟಿರಲಿಲ್ಲ. ತಾವು ಹದಿನೆಂಟು ವರ್ಷ ಬಳಸಿದ ತಕ್ಕಡಿ ಸರಿಯಿಲ್ಲವೆಂದು ತಾವೇ ಅಚ್ಚು ಹಾಕಿಸುವುದು ಸಂತೆಯಲ್ಲಿ ನಡೆಯುವ ಮಾತಲ್ಲ.

ಎಲ್ಲಿ ತಪ್ಪಿತ್ತು? ನಮ್ಮ ಕಡೂರಿನ ಹೆಂಗಸಿಗೆ ಆದದ್ದೇ ಅಲ್ಲೂ ಆಗಿತ್ತು. 20 ಕಡೆ ಒತ್ತಿದರೆ ಆರೋಗ್ಯವಂತನಿಗೂ ಕೆಲವು ಕಡೆ ನೋಯಬಹುದು. ಒತ್ತಿದ್ದಕ್ಕೆ ನೋವು ಬಂತು ಎಂಬುದರಿಂದ ಏನೂ ಗೊತ್ತಾಗುವುದಿಲ್ಲ. ಬಂದ ನೋವು ಯಾವ ನೋವು ಎಂದು ಕೇಳಬೇಕು. ಪರಿಷ್ಕಾರದಲ್ಲಿ ಸೇರಿದ ದೊಡ್ಡ ಸಂಗತಿ ಇದೇ, ‘ಪರಿಚಿತ ನೋವು’. ಒತ್ತಿ, ನೋವು ಬಂದರೆ, ಮನೆಯಲ್ಲಿ ನಿಮ್ಮನ್ನು ಕಾಡುತ್ತಿರುವುದು ಇದೇ ನೋವೇ ಎಂದು ಕೇಳಬೇಕು. ಹೌದೆಂದರೆ ಮಾತ್ರ ಲೆಕ್ಕಕ್ಕೆ. ಇಷ್ಟು ಸರಳವೇ ಅನಿಸಬಹುದು. ಯಂತ್ರಗಳು ಬಂದವು, ಕೊಯ್ತ ಬಂತು, ಟೆಫ್ಲಾನ್ ಬಂತು. ಈ ಪ್ರಶ್ನೆ ಕಡ್ಡಾಯವಾಗಲು ಮಾತ್ರ ಅಷ್ಟು ಕಾಲ ಕಾಯಬೇಕಾಯಿತು.

ತಜ್ಞರು 2009ರಲ್ಲೇ ಮಯಾಮಿಯಲ್ಲಿ ಸೇರಿ ಚರ್ಚಿಸಿ, ತಿದ್ದಿದ ಮೇಲೆ 2014ರಲ್ಲಿ ಹೊಸ ನಿಯಮಾವಳಿ ಡಿಸಿ/ಟಿಎಂಡಿ ಹೊರಬಂತು. ಹೆಸರಿನಿಂದ ‘ಸಂಶೋಧನೆ’ ಎಂಬರ್ಥದ ಅಕ್ಷರ ಬಿದ್ದುಹೋಗಿತ್ತು, ಇನ್ನು ಇದು ಊರಿನ ಕ್ಲಿನಿಕ್ಕಿಗೂ ಸಲ್ಲುತ್ತದೆ ಎಂದು. ಹೆಚ್ಚಾಗಿ ಕಾಣುವ 12 ತೊಂದರೆಗಳು ಅದರಲ್ಲಿವೆ. ಕಡ್ಡಾಯವಾಗಿ ಒತ್ತಬೇಕಾದ ಸ್ನಾಯುಗಳು ಎರಡಕ್ಕೆ ಇಳಿದವು: ಹಲ್ಲು ಕಚ್ಚಿದಾಗ ಉಬ್ಬುವ ಕೆನ್ನೆಯದು, ಕಣತಲೆಯದು. ಭಾರ ಒಂದು ಕೆಜಿ, ಹೊತ್ತು 2 ಸೆಕೆಂಡ್. ನೋವು ಬೇರೆ ಕಡೆ ಹರಿಯುತ್ತದೆಯೇ ಎಂದು ತಿಳಿಯಬೇಕಾದರೆ 5 ಸೆಕೆಂಡ್. ಕೀಲಿನ ಗುಂಡಿಗೆ ಅರ್ಧ ಕೆಜಿ ಸಾಕು. ಇದಕ್ಕೆ ವಿದೇಶದ ಯಂತ್ರವೇ ಬೇಕೆಂದಿಲ್ಲ. ಅಡುಗೆಮನೆಯ ತಕ್ಕಡಿಯ ಮೇಲೆ ಬೆರಳೂರಿ ಮುಳ್ಳು ಒಂದು ಕೆಜಿಗೆ ಬರುವಂತೆ ಹತ್ತು ಸಲ ಒತ್ತಿದರೆ ಬೆರಳು ಕಲಿಯುತ್ತದೆ.

ಫಲ ಎಷ್ಟು? ಸ್ನಾಯುನೋವು ನಿಜವಾಗಿ ಇರುವ 100 ಜನರಲ್ಲಿ ಈ ಪರೀಕ್ಷೆ 90 ಜನರನ್ನು ಹಿಡಿಯುತ್ತದೆ; ಇಲ್ಲದ 100ರಲ್ಲಿ 99 ಜನರಿಗೆ ಇಲ್ಲವೆಂದೇ ಹೇಳುತ್ತದೆ. ಬಿಲ್ಲೆ ಜಾಗ ತಪ್ಪಿ ಮತ್ತೆ ಕೂರುವ ತೊಂದರೆಯಲ್ಲಾದರೋ ಬೆರಳು ಸೋಲುತ್ತದೆ. 100ಕ್ಕೆ 34 ಮಾತ್ರ. ಖಚಿತ ಬೇಕಾದರೆ ಎಂಆರ್‌ಐ ಎಂದು ನಿಯಮಾವಳಿಯೇ ಹೇಳುತ್ತದೆ. ನೋವಿಲ್ಲದ ಕಟಕ್ ಸದ್ದಿಗೆ ಹೆಚ್ಚಿನವರಿಗೆ ಚಿಕಿತ್ಸೆಯೇ ಬೇಡವಾದ್ದರಿಂದ ಆ ಸೋಲು ಅಷ್ಟೇನೂ ದುಬಾರಿಯಲ್ಲ.

ಈ ನಿಯಮಾವಳಿಯನ್ನು ತರೀಕೆರೆಗೆ ತರುವಾಗ ಮೊದಲು ಎದುರಾಗುವುದು ಅಡಿಕೆ. ಭದ್ರೆಯ ನೀರು ಕಂಡ ಈ ತಾಲ್ಲೂಕಿನಲ್ಲಿ ಅಡಿಕೆ ಬರೀ ಬೆಳೆಯಲ್ಲ, ಬದುಕು. ಹಾಗಾಗಿ ಈ ಮಾತನ್ನು ನಿಧಾನವಾಗಿ ಆಡಬೇಕು. ದವಡೆ ಹಿಡಿದುಕೊಂಡಿದೆ ಎಂದು ಬರುವವರಲ್ಲಿ ಎರಡು ಬಗೆ. ಒಬ್ಬರಿಗೆ ಬಿಲ್ಲೆ ಅಡ್ಡ ಬಂದು, ನಿನ್ನೆ ತೆರೆಯುತ್ತಿದ್ದ ಬಾಯಿ ಇವತ್ತು ಅರ್ಧಕ್ಕೇ ನಿಂತಿರುತ್ತದೆ. ನಿಯಮಾವಳಿಯ ಗೆರೆ 40 ಮಿಲಿಮೀಟರ್. ಸುಮಾರಾಗಿ ತಮ್ಮದೇ ಮೂರು ಬೆರಳು ನಿಲ್ಲಿಸಿದರೆ ಹಿಡಿಸುವಷ್ಟು. ಇನ್ನೊಬ್ಬರಿಗೆ ವರ್ಷಗಟ್ಟಲೆ ಅಡಿಕೆ, ಗುಟ್ಕಾ ಜಗಿದು ಕೆನ್ನೆಯ ಒಳಪದರವೇ ನಾರಾಗಿ ಬಿಗಿದಿರುತ್ತದೆ. ಖಾರ ತಾಗಿದರೆ ಉರಿ, ಒಳಗೆ ಬೆಳ್ಳಗಾದ ಪಟ್ಟಿ, ಬಾಯಿ ತಿಂಗಳಿಂದ ತಿಂಗಳಿಗೆ ಕಿರಿದು. ಇದು ಕೀಲಿನ ರೋಗವೇ ಅಲ್ಲ. ಕೀನ್ಯಾದಲ್ಲಿದ್ದ ಭಾರತೀಯ ಹೆಂಗಸರಲ್ಲಿ 1952ರಲ್ಲಿ, ಮುಂಬಯಿಯಲ್ಲಿ 1953ರಲ್ಲಿ ವೈದ್ಯರು ಇದನ್ನು ದಾಖಲಿಸಿದರು. ಅಡಿಕೆ ಕ್ಯಾನ್ಸರಿಗೆ ಕಾರಣವೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಹೇಳಿತು, ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿತು. ಅಳತೆಪಟ್ಟಿಗೆ ಇಬ್ಬರ ಬಾಯಿಯೂ ಒಂದೇ, 25 ಮಿಲಿಮೀಟರ್ ಎಂದರೆ 25. ಬೇರೆ ಕಾಯಿಲೆ ಅಲ್ಲವೆಂದು ಮೊದಲು ಖಚಿತ ಮಾಡಿಕೊಳ್ಳಬೇಕೆಂಬ ನಿಯಮದ ಸಾಲು ಸಿಯಾಟಲ್‌ನಲ್ಲಿ ಒಂದು ಅಡಿಟಿಪ್ಪಣಿಯಾಗಿರಬಹುದು, ತರೀಕೆರೆಯಲ್ಲಿ ಅದೇ ಮೊದಲ ಸಾಲಾಗಬೇಕು.

ಎರಡನೆಯದು ಭಾಷೆ. ಈ ನಿಯಮಾವಳಿಯನ್ನು ಕಾಯುವ ‘ಇನ್ಫಾರ್ಮ್’ ಎಂಬ ಅಂತಾರಾಷ್ಟ್ರೀಯ ಜಾಲ ಅನುವಾದಕ್ಕೂ ನಿಯಮ ಮಾಡಿದೆ. ಅನುವಾದಿಸಿ, ಬೇರೆಯವರಿಂದ ಮತ್ತೆ ಇಂಗ್ಲಿಷಿಗೆ ತಿರುಗಿಸಿ, ಎರಡನ್ನೂ ಹೋಲಿಸಿ, ಊರಿನ ರೂಢಿಗೆ ಒಗ್ಗಿಸಬೇಕು. ದವಡೆಯ ಕೆಲಸ ಎಷ್ಟು ಕಷ್ಟ ಎಂದು ಕೇಳುವ 20 ಪ್ರಶ್ನೆಗಳ ಪಟ್ಟಿಯಲ್ಲಿ ಗಟ್ಟಿ ಬ್ರೆಡ್ ಇದೆ, ಕೋಳಿಮಾಂಸ ಇದೆ, ಇಡೀ ಸೇಬಿಗೆ ಬಾಯಿ ಹಾಕುವುದಿದೆ. ಗಟ್ಟಿ ಬ್ರೆಡ್ಡಿಗೆ ಬದಲು ನಿಪ್ಪಟ್ಟು ಎನ್ನಬಹುದು, ಕೋಡುಬಳೆ ಎನ್ನಬಹುದು. ನಿಜವಾದ ಕಷ್ಟ ಮುದ್ದೆಯದು. ಕಡೂರು ಸೀಮೆಯಲ್ಲಿ ಊಟ ಮಾಡುವಾಗ ನೋಯುತ್ತದೆಯೇ ಎಂದು ಕೇಳಿದರೆ, ಇಲ್ಲ ಎಂದೇ ಉತ್ತರ ಬಂದೀತು, ಯಾಕೆಂದರೆ ಮುದ್ದೆಯನ್ನು ಯಾರೂ ಜಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತಾರೆ. ಊಟಕ್ಕೂ ದವಡೆಗೂ ನಂಟು ಇಲ್ಲದ ಊರಿದು! ರೊಟ್ಟಿ ತಿಂದಾಗ, ಕೊಬ್ಬರಿ ಕಡಿದಾಗ ಎಂದು ಬಿಡಿಸಿ ಕೇಳಬೇಕು. ಮುತ್ತು ಕೊಡುವಾಗ ಕಷ್ಟವೇ ಎಂಬ ಪ್ರಶ್ನೆಯೂ ಆ ಪಟ್ಟಿಯಲ್ಲಿದೆ. ಅದನ್ನು ಅಜ್ಜಂಪುರದ ಕ್ಲಿನಿಕ್ಕಿನಲ್ಲಿ, ಪಕ್ಕದಲ್ಲಿ ಅತ್ತೆ ಕೂತಿರುವಾಗ, ಗಟ್ಟಿಯಾಗಿ ಓದುವ ಎದೆಗಾರಿಕೆ ಯಾವ ಡಾಕ್ಟರಿಗಿದೆಯೋ ಕಾಣೆ. ಮೊಮ್ಮಗುವಿಗೆ ಎಂದು ಸೇರಿಸಿದರೆ ದಾಟಿಕೊಳ್ಳಬಹುದು.

ಪ್ರಶ್ನೆಗಳಲ್ಲಿ ಬರುವ ‘ಕಳೆದ 30 ದಿನಗಳಲ್ಲಿ’ ಎಂಬುದಕ್ಕೆ ಹೋದ ತಿಂಗಳ ಇದೇ ತಿಥಿಯಿಂದ ಈಚೆಗೆ ಎಂದರೆ ಹಳೆಯ ತಲೆಗಳಿಗೆ ಕ್ಯಾಲೆಂಡರೇ ಬೇಡ. ಇನ್ನು ನೋವಿನ ಪದಗಳು. ಸೆಳೆತ, ಚಳುಕು, ಜಡ, ಬಿಗಿ, ಸಿಡಿತ, ಗುದ್ದಿದಂಗೆ: ಒಂದೊಂದೂ ಬೇರೆ ಬೇರೆ ಕಡೆ ಬೆರಳು ತೋರಿಸುತ್ತದೆ. ‘ಪರಿಚಿತ ನೋವು’ ಎಂದು ನಾನು ಮೇಲೆ ಬರೆದದ್ದು ಕಾಗದದ ಕನ್ನಡ. ಅದನ್ನು ಹಾಗೇ ಕೇಳಿದರೆ ನಮ್ಮ ಕಡೂರಿನ ಹೆಂಗಸು ಗಂಡನ ಮುಖ ನೋಡುತ್ತಾಳೆ.

ಹಾಗಾಗಿ ಅವಳನ್ನು ಮತ್ತೆ ಕುರ್ಚಿಯಲ್ಲಿ ಕೂರಿಸೋಣ, ಈ ಸಲ ತರೀಕೆರೆಯಲ್ಲಿ. ಡಾಕ್ಟರು ಚಿಕ್ಕ ವಯಸ್ಸಿನವರು. ಮೇಜಿನ ಮೇಲೆ ಪುಟ್ಟ ತಕ್ಕಡಿ. ಅದರ ಮೇಲೆ ಎರಡು ಬೆರಳಿಟ್ಟು ಒತ್ತಿ ನೋಡಿಕೊಳ್ಳುತ್ತಾರೆ. ಆಕೆಗೆ ಅದು ವಿಚಿತ್ರ.

“ಹಲ್ಲು ಕಚ್ಚಿ ಹಿಡೀರಿ ಅಕ್ಕ. ಹ್ಞಾಂ, ಬಿಡಿ ಈಗ. ಸಡಿಲ ಬಿಡಿ.” ಕೆನ್ನೆಯ ಮೇಲೆ ಬೆರಳು. ಒಂದು, ಎರಡು. “ನೋಯ್ತಾ?”

“ಹ್ಞೂಂ, ನೋಯ್ತೈತೆ.”

“ಮನೇಲಿ ನಿಮ್ಮನ್ನ ಕಾಡೋದು ಇದೇ ನೋವಾ?”

ಆಕೆ ತುಸು ಹೊತ್ತು ಯೋಚಿಸುತ್ತಾಳೆ. ನಾಲ್ಕು ಕಡೆ ತಿರುಗಿದವಳಿಗೆ ಇದನ್ನು ಯಾರೂ ಕೇಳಿರಲಿಲ್ಲ.

“ಇಲ್ಲ ಸಾರ್. ಇದು ನೀವು ಒತ್ತಿದ್ದಕ್ಕೆ ಬಂದಿದ್ದು. ನಂದು ಇನ್ನೊಂಚೂರು ಮೇಲೈತೆ.”

ಡಾಕ್ಟರು ಬೆರಳನ್ನು ಕಣತಲೆಯತ್ತ ಸರಿಸುತ್ತಾರೆ.